ತೊಳೆದರೂ ಹೋಗದ ಸಕ್ಕರೆ

ಪರದೆಯ ಮೇಲೆ ಆ ಚುಕ್ಕೆ ಕಂಡಾಗ ಅವಳು ಮೊದಲು ಕನ್ನಡಕ ತೆಗೆದು ಬಿಳಿ ಕೋಟಿನ ತುದಿಯಿಂದ ಒರೆಸಿದಳು. ಒರೆಸಿ ಹಾಕಿಕೊಂಡರೂ ಚುಕ್ಕೆ ಇದ್ದಲ್ಲೇ ಇತ್ತು. ಎಳ್ಳಿನಷ್ಟು ಗಾತ್ರ, ಸುತ್ತಲಿನ ದೊಡ್ಡ ಮಚ್ಚೆಗಳ ನಡುವೆ, ಗದ್ದಲದ ಮನೆಯಲ್ಲಿ ಮೂಲೆ ಹಿಡಿದು ಕೂತ ಮಗುವಿನ ಹಾಗೆ. ಯಾವ ಅಣು ಯಾವುದಕ್ಕೆ ಕೂಡಿಕೊಂಡಿದೆ ಎಂದು ಚುಕ್ಕೆಗಳಲ್ಲಿ ತೋರಿಸುವ ಯಂತ್ರವದು; ಎರಡು ದಿನದಿಂದ ಕೋಣೆಯ ಆ ಉಕ್ಕಿನ ಹಂಡೆ, ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ನಳಿಗೆಯೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಟಿಕ್ ಟಿಕ್ ಎನ್ನುತ್ತ ಕೂತಿತ್ತು. ನಳಿಗೆಯಲ್ಲಿದ್ದದ್ದು ಹದಿನಾಲ್ಕು ವರ್ಷ ಹಳೆಯ ಪುಡಿ. ಬೀರುವಿನ ಕೆಳಖಾನೆಯಲ್ಲಿ, ಹಳದಿಗಟ್ಟಿದ ಚೀಟಿಯ ಮೇಲೆ ತನ್ನದೇ ಎಳೆವಯಸ್ಸಿನ ಕೈಬರಹ ಹೊತ್ತು ಬಿದ್ದಿದ್ದ ಶೀಶೆ ಹೋದ ವಾರ ಕೈಗೆ ಸಿಕ್ಕಿದಾಗ, ಯಾರಾದರೂ ಕೇಳಿದರೆ ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡುತ್ತಿದ್ದೇನೆ ಎನ್ನೋಣವೆಂದುಕೊಂಡು ಅದರಿಂದ ಒಂದು ಚಿಟಿಕೆಯನ್ನು ಕರಗಿಸಿ ಒಳಗಿಳಿಸಿದ್ದಳು. ಯಾರೂ ಕೇಳಲಿಲ್ಲ. ಸುಳ್ಳು ಹಾಗೇ ಬಾಯಲ್ಲಿ ಉಳಿದು ಎರಡು ದಿನ ಕಹಿಯಾಗಿತ್ತು.

ಮರವೆಂದರೆ ಅವಳಿಗೆ ಗೋಡೆ. ಕಣ್ಣಿಗೆ ಕಾಣದ ಒಂದೊಂದು ಕೋಶಕ್ಕೂ ಒಂದೊಂದು ಗೋಡೆ. ಗೋಡೆಯಲ್ಲಿ ಸೆಲ್ಯುಲೋಸಿನ ಉದ್ದ ನಾರು, ನಾರನ್ನು ತಬ್ಬಿದ ಕ್ಸೈಲಾನ್ ಎಂಬ ಗಿಡ್ಡ ಸರಗಳು. ಎರಡೂ ಸಕ್ಕರೆಯ ಕಣ ಪೋಣಿಸಿ ಆದದ್ದೇ, ನಾಲಿಗೆಗೆ ಮಾತ್ರ ಸಿಹಿಯಿಲ್ಲ. ಇವುಗಳ ಸಂದಿಗೊಂದಿಯನ್ನೆಲ್ಲ ತುಂಬಿ ಮರವನ್ನು ಮರವಾಗಿ ನಿಲ್ಲಿಸುವುದು ಕಂದುಬಣ್ಣದ ಲಿಗ್ನಿನ್. ಮರದ ಪುಡಿಯಿಂದ ಲಿಗ್ನಿನ್ ಒಂದನ್ನೇ ಬಿಡಿಸಿ ತೆಗೆಯುವುದು ಅವಳ ಪಿಎಚ್‌.ಡಿ. ಕೆಲಸವಾಗಿತ್ತು. ಶೀಶೆಯಲ್ಲಿದ್ದದ್ದು ಹಾಗೆ ಬಿಡಿಸಿದ ಪುಡಿ. ಬಿಡಿಸಿದಾಗಲೆಲ್ಲ ನೂರಕ್ಕೆ ನಾಲ್ಕು ಪಾಲಿನಷ್ಟು ಸಕ್ಕರೆ ಬೆನ್ನುಬಿಡದೆ ಬರುತ್ತಿತ್ತು. ಈ ಹೊತ್ತು ಚುಕ್ಕೆ ಹೇಳುತ್ತಿದ್ದದ್ದು ಇಷ್ಟೆ: ಆ ಸಕ್ಕರೆ ಕೊಳೆಯಲ್ಲ, ಕ್ಸೈಲಾನಿನ ಪಕ್ಕದ ಕೊಂಬೆಯೊಂದು ಲಿಗ್ನಿನ್ನಿನ ಜೊತೆ ಎಸ್ಟರ್ ಬಂಧದಲ್ಲಿ ಕೂಡಿಕೊಂಡಿದೆ. ನೀರಿನಲ್ಲಿ ನೂರು ಸಲ ತೊಳೆದರೂ ಅದು ಬಿಡದು. ತೆಳು ಕ್ಷಾರದಲ್ಲಿ ನೆನೆಸಿದರೆ ಬಿಡುತ್ತದೆ. ಅದನ್ನೂ ನಿನ್ನೆ ಮಾಡಿ ನೋಡಿದ್ದಳು, ಬಿಟ್ಟಿತ್ತು. ಹೊಸ ವಿಷಯವೇನೂ ಅಲ್ಲ. ಬೇರೆ ಬೇರೆ ಮರಗಳಲ್ಲಿ ಇಂಥ ಬಂಧಗಳನ್ನು ಎಷ್ಟೋ ಜನ ತೋರಿಸಿದ್ದರು, ಅವಳೇ ತರಗತಿಯಲ್ಲಿ ವರ್ಷ ವರ್ಷ ಪಾಠ ಮಾಡಿದ್ದಳು. ಪಾಠ ಮಾಡುವಾಗ ಬೋರ್ಡಿನ ಮೇಲೆ ಆ ಬಂಧದ ಗೆರೆ ಎಳೆಯುವ ಹೊತ್ತಿಗೆ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತಿತ್ತು, ವಿದ್ಯಾರ್ಥಿಗಳು ಮೇಡಂ ಏನೋ ಯೋಚಿಸುತ್ತಿದ್ದಾರೆ ಎಂದುಕೊಂಡು ಗೌರವದಿಂದ ಕಾಯುತ್ತಿದ್ದರು.

ಹದಿನಾಲ್ಕು ವರ್ಷದ ಹಿಂದೆ, ಪ್ರೊಫೆಸರರ ಕೋಣೆಯಲ್ಲಿ ಅವತ್ತು ಫ್ಯಾನು ತಿರುಗುತ್ತಿರಲಿಲ್ಲ. ಅವರು ಅವಳ ವರದಿಯ ಹಾಳೆಯನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. "ಮೂರು ಪಾಯಿಂಟ್ ಎಂಟು. ಇದು ಲಿಗ್ನಿನ್ನೋ ಶರಬತ್ತೋ?" ಎಂದರು. ಕೋಣೆಯಲ್ಲಿದ್ದ ಇನ್ನಿಬ್ಬರು ನಕ್ಕರು. ಅವಳೂ ನಕ್ಕಳು, ತನ್ನನ್ನೇ ನೋಡಿ ನಕ್ಕಾಗ ಜೊತೆಗೆ ನಕ್ಕರೆ ನೋವು ಅರ್ಧವಾಗುತ್ತದೆ ಎಂದು ಆಗ ನಂಬಿದ್ದಳು. "ನಿಮಗೆ ಕೈ ಶುದ್ಧ ಇಟ್ಟುಕೊಂಡು ಕೆಲಸ ಮಾಡೋಕೆ ಬರೋದಿಲ್ಲ ಅಂದ್ರೆ ಈಗಲೇ ಹೇಳಿಬಿಡಿ, ನಿಮ್ಮ ಜಾಗಕ್ಕೆ ಹೊರಗೆ ಆರು ಜನ ನಿಂತಿದ್ದಾರೆ." ಇಪ್ಪತ್ತೈದು ವರ್ಷದ ಅವಳು, ತಾಯಿಯಿಲ್ಲದವಳು, ಈ ಜಾಗ ಹೋದರೆ ಹೋಗಲು ಇನ್ನೊಂದು ಜಾಗವಿಲ್ಲದವಳು, ಹೇಳಿದ್ದಳು: "ಪಾತ್ರೆ ಸರಿಯಾಗಿ ತೊಳೆದಿರಲಿಲ್ಲವೇನೋ ಸರ್." ಆ ಕೊನೆಯ 'ಏನೋ'ವನ್ನು ಅವಳು ಆಮೇಲೆ ಬಹಳ ವರ್ಷ ಊರುಗೋಲಿನ ಹಾಗೆ ಹಿಡಿದುಕೊಂಡಿದ್ದಳು. ತೊಳೆದಿಲ್ಲ ಎಂದು ತಾನು ಹೇಳಲಿಲ್ಲವಲ್ಲ, ತೊಳೆದಿಲ್ಲವೇನೋ ಎಂದೆ. ಆದರೆ ಪ್ರೊಫೆಸರರಿಗೆ 'ಏನೋ' ಕೇಳಿಸಲಿಲ್ಲ. ಪಾತ್ರೆ ತೊಳೆಯುತ್ತಿದ್ದದ್ದು ಒಬ್ಬರೇ, ಲ್ಯಾಬಿನ ಸಹಾಯಕರು. ಮುಂದಿನ ಸೋಮವಾರ ಅವರನ್ನು ಕೆಳಗಿನ ಸ್ಟೋರಿಗೆ ಹಾಕಿದರು.

ಎಲ್ಲರೂ ಅವರನ್ನು ಜರಡಿ ಮಾಮ ಎನ್ನುತ್ತಿದ್ದರು. ಮರದ ಪುಡಿಯನ್ನು ಅವರು ಜರಡಿ ಹಿಡಿಯುವುದನ್ನು ನೋಡಲೆಂದೇ ಬೇರೆ ವಿಭಾಗದ ಹುಡುಗರು ಬಾಗಿಲಲ್ಲಿ ನಿಲ್ಲುತ್ತಿದ್ದದ್ದುಂಟು. ಮೊಣಕೈ ಅಲುಗದೆ, ಮಣಿಕಟ್ಟು ಮಾತ್ರ ತಿರುಗಿ, ಪುಡಿ ಸದ್ದಿಲ್ಲದೆ ಇಳಿಯುತ್ತಿತ್ತು. ಎರಡು ಬೆರಳಿನ ನಡುವೆ ಒಂದು ಚಿಟಿಕೆ ಉಜ್ಜಿ, ಇದು ನಲವತ್ತರ ಜರಡಿಯದ್ದು, ಇದು ಅರವತ್ತರದ್ದು ಎನ್ನುತ್ತಿದ್ದರು. ಅಳೆದು ನೋಡಿದವರು ಅವರ ಮಾತು ತಪ್ಪಿದ್ದನ್ನು ಕಂಡಿರಲಿಲ್ಲ. ಅವಳನ್ನು ಅವರು ಮರಿ ಎಂದು ಕರೆಯುತ್ತಿದ್ದರು. ಹಾಸ್ಟೆಲಿನ ಊಟ ಸೇರದೆ ಅವಳು ಸೊರಗಿದ್ದನ್ನು ನೋಡಿ ಮನೆಯಲ್ಲಿ ಹೇಳಿರಬೇಕು, ಅವರ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಬರತೊಡಗಿತು. ಸ್ಟೋರಿಗೆ ಹೋದ ಮೇಲೂ ಬಂತು. ಅದೇ ಅವಳನ್ನು ಅತಿಯಾಗಿ ಸುಟ್ಟದ್ದು. ಮೊದಲ ದಿನ ಅವರು ಮೆಟ್ಟಿಲು ಹತ್ತಿ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬಿಸಿ ಆರೋದ್ರೊಳಗೆ ತಿನ್ನು ಮರಿ" ಎಂದು ಹೋದಾಗ ಅವಳು ಅದನ್ನು ತೆರೆಯದೆ ಸಂಜೆಯತನಕ ನೋಡುತ್ತ ಕೂತಿದ್ದಳು. ಎರಡನೆಯ ದಿನ ತಿಂದಳು. ಹಸಿವೆಗೆ ನಾಚಿಕೆ ಒಂದು ದಿನದ್ದು. ಅವಳಿಗೆ ಕೆಲಸ ಸಿಕ್ಕಿ, ಅದೇ ಕಟ್ಟಡದಲ್ಲಿ ಹೆಸರಿನ ಫಲಕ ಬಿದ್ದ ದಿನದಿಂದ ಅವರು ಮೇಡಂ ಎನ್ನತೊಡಗಿದರು. ಬೇಡವೆಂದು ಹೇಳಲು ಮೂರು ಸಲ ಬಾಯಿ ತೆರೆದಿದ್ದಳು. ಹೇಳುವ ಹಕ್ಕು ತನಗಿದೆಯೇ ಎಂಬ ಅನುಮಾನದಲ್ಲಿ ಮೂರು ಸಲವೂ ಮುಚ್ಚಿದ್ದಳು.

ಚುಕ್ಕೆಯ ಹಾಳೆಯನ್ನು ಮುದ್ರಿಸಿಕೊಂಡು ಅವಳು ಸ್ಟೋರಿಗೆ ಇಳಿದಾಗ ಅವರು ಏಣಿಯ ಮೇಲೆ ನಿಂತು ಅಟ್ಟದ ಬೀಕರುಗಳನ್ನು ಎಣಿಸುತ್ತಿದ್ದರು. ನಿವೃತ್ತಿಗೆ ಇನ್ನು ಎರಡೇ ತಿಂಗಳು. ಏಣಿಯ ಬುಡದಲ್ಲಿ ನಿಂತು ಹೇಳಿಬಿಡುವುದು ಸುಲಭವೆನಿಸಿತು, ಮುಖ ನೋಡಬೇಕಾಗಿಲ್ಲ. "ಮಾಮ, ಒಂದು ವಿಷಯ" ಎಂದಳು. "ಬಂದೆ ಮೇಡಂ, ಎಣಿಕೆ ತಪ್ಪುತ್ತೆ" ಎಂದರು. ನಲವತ್ತೊಂದು, ನಲವತ್ತೆರಡು. ಇಷ್ಟು ವರ್ಷ ಕಾದವಳಿಗೆ ನಲವತ್ತೆರಡು ಬೀಕರು ಯಾವ ಲೆಕ್ಕ ಎಂದುಕೊಂಡರೂ ಹಾಳೆ ಹಿಡಿದ ಕೈ ಬೆವರಿ ಅಂಚು ಮೆತ್ತಗಾಗುತ್ತಿತ್ತು. ಅವರು ಇಳಿದು ಬಂದು, ಕೈ ಒರೆಸಿಕೊಂಡು, ರಿಜಿಸ್ಟರು ತೆರೆದು ಅವಳ ಮುಂದಿಟ್ಟರು. "ಒಳ್ಳೇ ಹೊತ್ತಿಗೆ ಬಂದ್ರಿ. ಇಲ್ಲೊಂದು ಸಹಿ." ಹಾಕಿದಳು. ಇದೇ ಆದೀತು ನನ್ನಿಂದ, ಕ್ಷಮೆ ಕೇಳಲು ಬಂದು ಸಹಿ ಹಾಕಿ ಹೋಗುವುದು ಎಂದು ತನ್ನ ಮೇಲೇ ರೋಸಿಹೋಗಿ, ರಿಜಿಸ್ಟರಿನ ಮೇಲೇ ಆ ಹಾಳೆಯನ್ನು ಬಿಡಿಸಿಟ್ಟಳು.

"ಇದು ಆ ಹಳೇ ಪುಡಿ, ಮಾಮ. ಸಕ್ಕರೆ ಬಂತು ಅಂತ ಗಲಾಟೆ ಆಯ್ತಲ್ಲ, ಅದು."

ಅವರು ಕನ್ನಡಕ ಹುಡುಕಿದರು. ಅದು ಅವರ ಹಣೆಯ ಮೇಲೇ ಇತ್ತು. ಇಳಿಸಿಕೊಂಡು ಬಗ್ಗಿದರು. ಅವಳು ಬೆರಳಿಟ್ಟು ತೋರಿಸಿದಳು. ಸಕ್ಕರೆ ಹೊರಗಿಂದ ಬಂದದ್ದಲ್ಲ, ಮರದ್ದೇ. ಅದು ಲಿಗ್ನಿನ್ನಿಗೆ ಕೂಡಿಕೊಂಡೇ ಇತ್ತು, ಯಾವ ನೀರಿಗೂ ಬಿಡುತ್ತಿರಲಿಲ್ಲ. ಪಾತ್ರೆಯ ತಪ್ಪೇ ಇರಲಿಲ್ಲ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ಉಸಿರು ಮುಗಿಯುವ ಮೊದಲೇ ಉಳಿದದ್ದನ್ನೂ ಹೇಳಿದಳು. "ಪಾತ್ರೆ ತೊಳೆದಿಲ್ಲ ಅಂತ ಪ್ರೊಫೆಸರಿಗೆ ಹೇಳಿದ್ದು ನಾನು."

"ಗೊತ್ತಲ್ಲ" ಎಂದರು ಅವರು, ಹಾಳೆಯಿಂದ ಕಣ್ಣೆತ್ತದೆ. "ಬಾಗಿಲ ಹೊರಗೇ ನಿಂತಿದ್ದೆ. ಫ್ಯಾನ್ ರಿಪೇರಿಯವನನ್ನ ಕರ್ಕೊಂಡು ಬಂದಿದ್ದೆನಲ್ಲ."

ಬಾಗಿಲ ಹೊರಗೆ. ಅಂದರೆ ಮರುದಿನದ ಡಬ್ಬಿ, ಅದರ ಮರುದಿನದ್ದು, ಪರೀಕ್ಷೆಯ ವಾರ ಜ್ವರ ಬಂದಾಗ ಅವರು ತಂದುಕೊಟ್ಟ ಮಾತ್ರೆ, ಅವರ ಹೆಂಡತಿ ಹೆಣೆದು ಕಳಿಸಿದ ನೀಲಿ ಸ್ವೆಟರು, ಎಲ್ಲವೂ ಗೊತ್ತಿದ್ದೇ ಬಂದವು. "ಮತ್ತೆ ಯಾಕೆ ಸುಮ್ಮನಿದ್ರಿ?"

"ನೋಡಿ," ಎಂದು ಅವರು ಸ್ಟೂಲು ಎಳೆದುಕೊಂಡು ಕೂತರು, ಮಂಡಿ ನೀವಿಕೊಂಡರು. "ಅವತ್ತು ಸಂಜೆ ನಾನೇ ಪರೀಕ್ಷೆ ಮಾಡಿದೆ. ನೀವೆಲ್ಲ ಮಾಡೋದನ್ನ ನೋಡಿ ನೋಡಿ ಬಂದಿತ್ತಲ್ಲ. ಪಾತ್ರೆನ ನಾನು ತೊಳೆಯೋ ಹಾಗೇ ತೊಳೆದೆ, ಕೊನೇ ನೀರಿಗೆ ಫಿನಾಲು, ಆಸಿಡ್ ಹಾಕಿದೆ. ಸಕ್ಕರೆ ಇದ್ರೆ ಕಿತ್ತಳೆ ಬಣ್ಣ ಬರಬೇಕು. ಬರಲಿಲ್ಲ. ಆರು ಪಾತ್ರೆ ನೋಡಿದೆ, ಒಂದರಲ್ಲೂ ಬರಲಿಲ್ಲ."

"ಅದನ್ನೇ ಅವರಿಗೆ ತೋರಿಸಬಹುದಿತ್ತು."

"ತೋರಿಸಿದ್ರೆ? ಆ ಪುಡಿ ಮುಟ್ಟಿದ್ದು ಇಬ್ಬರೇ. ನನ್ನ ಪಾತ್ರೆ ಶುದ್ಧ ಅಂತಾದ್ರೆ ನಿಮ್ಮ ಕೈ ಶುದ್ಧ ಇಲ್ಲ ಅಂತಾಗುತ್ತೆ. ನನ್ನನ್ನ ಬಹಳ ಅಂದ್ರೆ ಒಂದು ಮಹಡಿ ಕೆಳಗೆ ಹಾಕ್ತಾರೆ. ನಿಮ್ಮನ್ನ ಗೇಟಿನ ಹೊರಗೇ ಹಾಕ್ತಿದ್ರು." ಆಮೇಲೆ ಸ್ವಲ್ಪ ನಾಚಿಕೊಂಡವರ ಹಾಗೆ, "ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷ ನಾನು, ಈ ಹುಡುಗಿ ಬುದ್ಧಿವಂತೆ, ಆದ್ರೆ ಕೈ ಮಾತ್ರ ಸ್ವಲ್ಪ ಗಲೀಜು ಅಂತಲೇ ಅಂದ್ಕೊಂಡಿದ್ದೆ" ಎಂದರು.

ಅವಳು ಅವರನ್ನೇ ನೋಡಿದಳು. ಹದಿನಾಲ್ಕು ವರ್ಷ ತಾನು ಅವರಿಗೆ ಕೊಟ್ಟ ನೋವನ್ನು ಹೊತ್ತು ತಿರುಗುತ್ತಿದ್ದೇನೆಂದು ಅವಳು ತಿಳಿದಿದ್ದಾಗ, ಈ ಮನುಷ್ಯ ಅಷ್ಟೂ ವರ್ಷ ಅವಳ ಗಲೀಜು ಕೈಯನ್ನು ತಮ್ಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ಮೆಟ್ಟಿಲಲ್ಲಿ ಎದುರು ಸಿಕ್ಕಾಗಲೆಲ್ಲ "ಕೈ ತೊಳ್ಕೊಂಡ್ರಾ ಮೇಡಂ?" ಎಂದು ಅವರು ಕೇಳುತ್ತಿದ್ದದ್ದನ್ನು ಊಟದ ಹೊತ್ತಿನ ಉಪಚಾರವೆಂದುಕೊಂಡಿದ್ದಳು. ಮುಖಕ್ಕೆ ಬಿಸಿಯೇರಿತು. ತನ್ನ ಕೈ ಶುದ್ಧವಾಗಿಯೇ ಇತ್ತು ಎಂದು ವಾದಿಸಬೇಕೆನಿಸಿತು, ಕ್ಷಮೆ ಕೇಳಲು ಬಂದವಳಿಗೆ. ಅದು ಹೊಳೆದದ್ದೇ ನಗು ಬಂತು. ನಗುವಿನ ಬೆನ್ನಿಗೇ ಮೂಗು ಕಟ್ಟಿತು.

"ಅಂದ್ರೆ ನಿಮ್ಮದೂ ತಪ್ಪಲ್ಲ" ಎಂದರು ಅವರು, ಚುಕ್ಕೆಯ ಮೇಲೆ ಉಗುರು ಆಡಿಸುತ್ತ. ಆ ದನಿಯಲ್ಲಿದ್ದ ನಿರಾಳ ಅವರಿಗಾಗಿ ಅಲ್ಲವೆಂಬುದು ಅವಳಿಗೆ ತಿಳಿಯಿತು. "ಇಬ್ಬರದೂ ಅಲ್ಲ. ಮರದ್ದೇ ಗುಣ. ಹೀಗೂ ಇರಬಹುದು ಅಂತ ನಮಗ್ಯಾರಿಗೂ ಹೊಳೀಲಿಲ್ಲ ನೋಡಿ." ಹಾಳೆಯನ್ನು ಮಡಚಿ ಅವಳ ಕೈಗಿತ್ತರು. "ಮೇಡಂ, ಒಂದು ಉಪಕಾರ ಮಾಡ್ತೀರಾ? ಸಂಜೆ ಮನೆಗೆ ಬಂದು ಇದನ್ನ ನಮ್ಮವಳಿಗೆ ಹೇಳಿ. ಪಾತ್ರೆ ತೊಳೆಯೋಕೆ ಬರದೆ ಮೇಲಿನ ಕೆಲಸ ಕಳ್ಕೊಂಡ್ರು ಅಂತ ಅವಳ ಮನಸ್ಸಲ್ಲಿ ಕೂತುಬಿಟ್ಟಿದೆ. ನಾನು ತೊಳೆದ ಲೋಟನ ಇವತ್ತಿಗೂ ಇನ್ನೊಂದ್ಸಲ ತೊಳೆದೇ ಇಡೋದು. ಬೈಯೋದಿಲ್ಲ, ಸುಮ್ಮನೆ ತೊಳೀತಾಳೆ. ಬೈದಿದ್ರೆ ಪರವಾಗಿರ್ಲಿಲ್ಲ."

ಐದು ಗಂಟೆಗೆ ಇಬ್ಬರೂ ನಡೆದೇ ಹೊರಟರು. ಅಂಗಡಿಗಳ ಮುಂದೆ ನೀರು ಚಿಮುಕಿಸಿದ್ದರು, ಶಾಲೆ ಬಿಟ್ಟ ಮಕ್ಕಳು ಗೋಡೆಗುಂಟ ಒಂದು ಕೋಲು ಎಳೆದುಕೊಂಡು ಹೋಗುತ್ತಿದ್ದರು. ಅವರು ಯಾವತ್ತಿನಂತೆ ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ. ಅವಳು ನಿಧಾನ ಮಾಡಿದರೆ ಅವರೂ ಮಾಡುತ್ತಿದ್ದರು. ಜೊತೆಗೆ ನಡೆಯಲು ಸಾಧ್ಯವೇ ಆಗಲಿಲ್ಲ. ಮನೆಯ ಬೀದಿ ತಿರುಗುವಲ್ಲಿ ಅವರು ನಿಂತು, ಗಂಟಲು ಸರಿಮಾಡಿಕೊಂಡು, "ಪಾತ್ರೆ ಶುದ್ಧ ಇತ್ತು ಅನ್ನೋದಷ್ಟೇ ಹೇಳಿ. ಯಾರು ಹೇಳಿದ್ರು ಅನ್ನೋದೆಲ್ಲ ಬೇಡ" ಎಂದರು.

"ಅತ್ತೆಗೆ ಗೊತ್ತಿಲ್ವಾ?"

"ನಾನು ಹೇಳಿಲ್ಲ. ಅವಳಿಗೆ ನಿಮ್ಮ ಮೇಲೆ ಜೀವ. ಕೆಡಿಸೋದ್ಯಾಕೆ."

ಮನೆ ಎರಡನೆಯ ಮಹಡಿಯಲ್ಲಿತ್ತು. ಅಡುಗೆಮನೆಯ ಮೇಜಿನ ಮುಂದೆ ಅವಳನ್ನು ಕೂರಿಸಿ ಅತ್ತೆ ಚಹಾ ಕೊಟ್ಟರು, ಸೊರಗಿದ್ದೀಯ ಎಂದರು, ಯಾವಾಗಲೂ ಎನ್ನುವ ಹಾಗೆ. ಅವಳು ಹಾಳೆ ಬಿಡಿಸಿದಳು. ತರಗತಿಯಲ್ಲಿ ಎಂಬತ್ತು ಜನರ ಮುಂದೆ ನಡುಗದ ನಾಲಿಗೆ ಇಲ್ಲಿ ತಡವರಿಸಿತು. ಮರದೊಳಗೆ ಸಕ್ಕರೆಯ ಸರಗಳಿವೆ ಎಂದಳು.

"ಮರದಲ್ಲಿ ಸಕ್ಕರೆನಾ? ಮತ್ತೆ ಇರುವೆ ಯಾಕೆ ಮುತ್ತೋದಿಲ್ಲ?" ಎಂದರು ಅತ್ತೆ, ಮೇಜಿನ ಕಾಲನ್ನು ಅನುಮಾನದಿಂದ ನೋಡುತ್ತ.

"ಸಿಹಿ ಇರೋದಿಲ್ಲ ಅತ್ತೆ. ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಕೂಡಿಕೊಂಡಿರ್ತವೆ."

"ಗೆದ್ದಲು ತಿನ್ನುತ್ತಲ್ಲ, ಅದಕ್ಕೇ ಮತ್ತೆ" ಎಂದರು ಮಾಮ ಬಾಗಿಲ ಬಳಿಯ ಸ್ಟೂಲಿನಿಂದ.

"ನೀವು ಸುಮ್ಮನಿರಿ, ಅವಳು ಹೇಳಲಿ."

ಹೇಳಿದಳು. ಸರದ ಒಂದು ಕೊಂಬೆ ಲಿಗ್ನಿನ್ನಿನ ಕೈ ಹಿಡಿದಿರುತ್ತದೆ, ಆ ಹಿಡಿತ ನೀರಿಗೆ ಸಡಿಲುವುದಿಲ್ಲ, ಹಾಗಾಗಿ ಎಷ್ಟು ತೊಳೆದ ಪಾತ್ರೆಯಲ್ಲಿ ಮಾಡಿದರೂ ಆ ಸಕ್ಕರೆ ಬಂದೇ ಬರುತ್ತಿತ್ತು. ಮಾಮನ ಪಾತ್ರೆ ಶುದ್ಧವಾಗಿತ್ತು. ಅತ್ತೆ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು, ತಿರುಗಿಸಿದರು, ಚುಕ್ಕೆಯನ್ನು ಬೆರಳಿಂದ ಮೆಲ್ಲಗೆ ಉಜ್ಜಿ ನೋಡಿದರು. ಇಲ್ಲಿಗೆ ನಿಲ್ಲಿಸಬಹುದಿತ್ತು. ಬಾಗಿಲ ಬಳಿಯಿಂದ ಮಾಮ ಕಣ್ಣಿನಲ್ಲೇ ಸಾಕು ಎಂದರು. ಚಹಾ ಹದವಾಗಿತ್ತು, ಕಿಟಕಿಯಿಂದ ಗಾಳಿ ಬರುತ್ತಿತ್ತು. ಈ ಮನೆಯಲ್ಲಿ ತನಗೊಂದು ಕುರ್ಚಿಯಿತ್ತು, ಯಾರೂ ಅದನ್ನು ಕಸಿಯುತ್ತಿರಲಿಲ್ಲ. ಇಲ್ಲಿಂದ ಎದ್ದು ಹೋದರೆ ಮುಂದಿನ ಹದಿನಾಲ್ಕು ವರ್ಷ ಹೇಗಿರುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಅತ್ತೆ, ತೊಳೆದಿಲ್ಲ ಅಂತ ಮಾಮನ ಮೇಲೆ ಹೇಳಿದ್ದು ನಾನೇ" ಎಂದಳು. 'ಏನೋ' ಸೇರಿಸಲಿಲ್ಲ. "ಹೆದರಿಕೆ ಆಗಿತ್ತು. ಹೇಳಿಬಿಟ್ಟೆ. ಅವರು ಕೇಳಿಸಿಕೊಂಡೂ ನನಗೆ ಡಬ್ಬಿ ತಂದುಕೊಟ್ರು."

ಅತ್ತೆ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಸುಕ್ಕು ತೆಗೆದರು. ಅವಳ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆ ವರ್ಷ ಪೂರ್ತಿ ಇಲ್ಲಿ ಕೂತು ನಾನು, ಇವರ ಹೊಟ್ಟೆ ಮೇಲೆ ಹೊಡೆದವರ ನಾಲಿಗೆ ಬಿದ್ದುಹೋಗಲಿ ಅಂತ ಶಾಪ ಹಾಕ್ತಾ ಇವಳಿಗೇ ಸ್ವೆಟರ್ ಹೆಣೀತಿದ್ದೆ. ಎದುರಿಗೇ ಕೂತಿದ್ರಲ್ಲ. ಬಾಯಿ ಬಿಡೋಕೆ ಏನಾಗಿತ್ತು?"

"ಸ್ವೆಟರ್ ಚೆನ್ನಾಗಿ ಬರ್ತಿತ್ತು" ಎಂದರು ಮಾಮ.

ಅತ್ತೆಯ ತುಟಿ ಬಿಗಿಯಾಯಿತು, ನಗು ತಡೆದದ್ದೋ ಅಳು ತಡೆದದ್ದೋ ತಿಳಿಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಆ ಬೆನ್ನನ್ನು ನೋಡುತ್ತ ಅವಳಿಗೆ, ಈಗ ಹೊರಡು ಎನ್ನುತ್ತಾರೆ, ಎನ್ನಲಿ, ಎನ್ನದಿದ್ದರೂ ತಾನೇ ಏಳಬೇಕು ಎನಿಸಿತು. ಕುರ್ಚಿ ಹಿಂದೆ ಸರಿಸುವ ಸದ್ದಿಗೆ ಅತ್ತೆ ತಿರುಗಿದರು.

"ಎಲ್ಲಿಗೆ? ಕೂತ್ಕೋ. ಮೊದಲಿಂದ ಇನ್ನೊಂದ್ಸಲ ಹೇಳು. ಸ್ವಲ್ಪ ಜೋರಾಗಿ ಹೇಳು, ಅವರು ಕೇಳಲಿ."

"ಅವರಿಗೆ ಗೊತ್ತಲ್ಲ ಅತ್ತೆ."

"ನಾನಿರೋವಾಗ ಕೇಳಲಿ."

ಅವಳು ಮೊದಲಿಂದ ಹೇಳಿದಳು. ಮರದ ಗೋಡೆ, ನಾರು, ಸರ, ಬಿಡದ ಹಿಡಿತ, ಅವತ್ತು ಸಂಜೆ ಮಾಮ ಪಾತ್ರೆಗಳನ್ನು ಪರೀಕ್ಷೆ ಮಾಡಿ ನೋಡಿದ್ದು. ಪಾತ್ರೆ ಶುದ್ಧವಾಗಿತ್ತು ಎನ್ನುವಲ್ಲಿಗೆ ಬಂದಾಗ ಅತ್ತೆ, "ಎಷ್ಟು ಪಾತ್ರೆ?" ಎಂದರು. "ಆರು" ಎಂದರು ಮಾಮ ಗೋಡೆಯ ಕಡೆ ಮುಖ ಮಾಡಿಕೊಂಡು. ಅವರ ಕಿವಿ ಕೆಂಪಾಗಿದ್ದವು. ಅತ್ತೆ ಬಾಗಿಲು ತೆರೆದು ಎದುರುಮನೆಯ ಟೈಲರಮ್ಮನನ್ನು ಕೂಗಿದರು. ಕೊರಳಿಗೆ ಟೇಪು ನೇತುಹಾಕಿಕೊಂಡೇ ಆಕೆ ಬಂದಳು, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನನ್ನು ತೆಗೆದು ಕೈಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿಗೆ ಸಿಕ್ಕಿಸಿ, ಏನಾಯ್ತು ಎಂದಳು. "ನಮ್ಮವರ ಕೆಲಸದ ವಿಷಯ. ದೊಡ್ಡ ಯಂತ್ರದಲ್ಲಿ ನೋಡಿದಾರೆ, ಕಾಗದ ಬಂದಿದೆ. ನೀನೂ ಕೇಳು" ಎಂದರು ಅತ್ತೆ. ಮೂರನೆಯ ಸಲ ಹೇಳುವಾಗ ಅವಳ ನಾಲಿಗೆ ತಡವರಿಸಲಿಲ್ಲ. ಎಸ್ಟರ್ ಬಂಧ ಎಂದು ಬಾಯಿ ತಪ್ಪಿ ಬಂದಾಗ ಟೈಲರಮ್ಮ ಹುಬ್ಬೇರಿಸಿದಳು, ಮಾಮ ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡು ಬಂದು, ಸುಣ್ಣದ ನೀರಿನಂಥದ್ದರಲ್ಲಿ ನೆನೆಸಿದರೆ ಮಾತ್ರ ಅದು ಬಿಡೋದು, ಬರೀ ನೀರಿಗೆ ಜಪ್ಪಯ್ಯ ಅಂದ್ರೂ ಬಿಡೋದಿಲ್ಲ ಎಂದು ತಾವೇ ವಿವರಿಸತೊಡಗಿದರು. ಸಂಕೋಚವೆಲ್ಲ ಹೋಗಿ ಮಣಿಕಟ್ಟು ಗಾಳಿಯಲ್ಲಿ ತಿರುಗುತ್ತಿತ್ತು. "ಅಲ್ವಾ ಮರಿ?" ಎಂದರು ನಡುವೆ, ಅರಿವಿಲ್ಲದೆ. ಅವಳು ಹೌದು ಎಂದು ತಲೆಯಾಡಿಸಿದಳು.

ಟೈಲರಮ್ಮ ಎಲ್ಲ ಕೇಳಿ, ಚುಕ್ಕೆಯನ್ನೂ ನೋಡಿ, ನ್ಯಾಯ ಹೇಳುವವಳ ಹಾಗೆ ಸೊಂಟದ ಮೇಲೆ ಕೈಯಿಟ್ಟಳು. "ಅದೆಲ್ಲ ಸರಿ. ಇವರು ತೊಳೆದಿಲ್ಲ ಅಂತ ಅವತ್ತು ಹೇಳಿದ್ದು ಯಾರು?"

ಅವಳು ಬಾಯಿ ತೆರೆದಳು.

"ಯಾವುದೋ ಒಂದು ಮಗು" ಎಂದರು ಅತ್ತೆ, ಅವಳಿಗಿಂತ ಮೊದಲು. "ಹೆದರ್ಕೊಂಡು ಏನೋ ಅಂದುಬಿಟ್ಟಿತ್ತು." ಹಾಗೆನ್ನುತ್ತ ಕುರ್ಚಿಯ ಹಿಂದಿನಿಂದ ಹಾದುಹೋದರು, ಅವರ ಕೈ ಅವಳ ಬೆನ್ನಿನ ಮೇಲೆ, ಸ್ವಲ್ಪ ನೋಯುವಷ್ಟೇ ಜೋರಾಗಿ, ಒಮ್ಮೆ ಬಿತ್ತು, ಬಿದ್ದದ್ದು ಅಲ್ಲೇ ಉಳಿಯಿತು.